ಬೂಷ್ಟು ಹಿಡಿದ ಟೇಪಿನಿಂದ ದೂರದರ್ಶನದ ಹಾಡು: ನನ್ನ ಅನುಭವ

ಶಿರಸಿಯ ಅಟ್ಟದಲ್ಲಿ ಮೂವತ್ತು ಮಳೆಗಾಲ ಕಂಡ ವಿಎಚ್‌ಎಸ್ ವಿಡಿಯೊ ಟೇಪು ಮತ್ತೆ ಓಡುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಬೆಂಗಳೂರಿನ ಒಂದು ಲ್ಯಾಬಿನವರು ಫೋಟೊ ನೋಡಿಯೇ ಬೇಡ ಎಂದರು. ಮುಂಬಯಿಯ ಇನ್ನೊಬ್ಬರು ಗಂಟೆಗೆ ಎಂಟುನೂರು ಹೇಳಿದರು. ಬೂಷ್ಟು ಇದ್ದರೆ ಅದರ ಎರಡು ಪಟ್ಟು, ಅದಕ್ಕೂ ಗ್ಯಾರಂಟಿ ಇಲ್ಲ. ಮನೆಯಲ್ಲಿ ದೊಡ್ಡಪ್ಪ, "ಅದರಲ್ಲಿ ಎಂತೂ ಇಲ್ಲೆ ತಮಾ, ಸುಮ್ನೆ ದುಡ್ಡು ಹಾಳು" ಎಂದಿದ್ದರು. ಈಗ ನನ್ನ ಹತ್ತಿರ ನೂರಿಪ್ಪತ್ತು ಗಂಟೆಯ ಆಸುಪಾಸಿನಷ್ಟು ಹಳೆಯ ಸಂಗೀತ ಕಾರ್ಯಕ್ರಮ ಹಾರ್ಡ್‌ಡಿಸ್ಕಿನಲ್ಲಿದೆ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ್ದು ಹಾಕು ಎಂದು ಸಂಜೆ ಬಂದು ಕೂರುವವರು ಅದೇ ದೊಡ್ಡಪ್ಪ.

ನಮ್ಮ ಕಡೆ ಈ ಟೇಪುಗಳು ಬಂದ ಬಗೆಯೇ ಬೇರೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ, ಬಣ್ಣ ಬಂದದ್ದು 1982ರಲ್ಲಿ. ಆದರೆ ಘಟ್ಟದ ಮೇಲೂ ಕರಾವಳಿಯಲ್ಲೂ ಬಹಳ ಕಾಲ ಸಿಗ್ನಲ್ ಅಂದರೆ ಅದೃಷ್ಟ. ಉದ್ದ ಕಂಬಕ್ಕೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿ, ಒಬ್ಬ ಹೊರಗೆ ನಿಂತು ತಿರುಗಿಸುವುದು, ಒಳಗಿನಿಂದ "ಬಂತು, ಬಂತು, ಹೋಯ್ತು" ಎಂದು ಕೂಗುವುದು. ಟಿವಿಯದನ್ನು ಟೇಪಿಗೆ ಹಿಡಿಯುವ ವಿಸಿಆರ್ ಮಾತ್ರ ಬೇಗ ಬಂತು. ಭಟ್ಕಳ, ಕಾರವಾರದ ಕಡೆ ಗಲ್ಫಿನಲ್ಲಿ ದುಡಿಯುವವರು ತರುತ್ತಿದ್ದರು. ಹಾಗಾಗಿ ನನಗೆ ಸಿಕ್ಕ ಟೇಪುಗಳಲ್ಲಿ ಎರಡು ಜಾತಿ. ಚಿತ್ರಹಾರ್, ದೆಹಲಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಇಲ್ಲೇ ಹಿಡಿದದ್ದು, ತುಂಬ ಹಿಮ, ಅಂದರೆ ಸೊರಗಿದ ಸಿಗ್ನಲ್ಲಿನ ಬಿಳಿ ಚುಕ್ಕಿ. ಚಿತ್ರಮಂಜರಿ, ಭಾವಗೀತೆ, ಸುಗಮ ಸಂಗೀತ ಹೆಚ್ಚಾಗಿ ಬೆಂಗಳೂರಿನ ನೆಂಟರು ರೆಕಾರ್ಡ್ ಮಾಡಿ ತಂದುಕೊಟ್ಟದ್ದು, ಚಿತ್ರ ಸ್ವಚ್ಛ. ಟೇಪು ಉಳಿಸಲು ಎಲ್‌ಪಿಯಲ್ಲಿ, ಅಂದರೆ ಅರ್ಧ ವೇಗದಲ್ಲಿ, ಹಿಡಿದವರೂ ಇದ್ದಾರೆ. ಮೂರು ಗಂಟೆಯ ಟೇಪಿನಲ್ಲಿ ಆರು ಗಂಟೆ. ಅವರಿಗೆ ಉಳಿತಾಯ, ನನಗೆ ತಲೆನೋವು.

ಆಗ ಟೇಪು ದುಬಾರಿ. ಸ್ಟೇಷನ್‌ಗಳಲ್ಲೂ ಒಂದರ ಮೇಲೆ ಇನ್ನೊಂದು ರೆಕಾರ್ಡ್ ಮಾಡುವುದು ಸಾಮಾನ್ಯವಾಗಿತ್ತು. ಹಾಗಾಗಿ ಮನೆ ಟೇಪಿನಲ್ಲಿ ಇರುವುದು ಬೇರೆಲ್ಲೂ ಇಲ್ಲದಿರಬಹುದು. ನಾನು ಬೂಷ್ಟಿನ ಹಿಂದೆ ಬಿದ್ದದ್ದು ಇದಕ್ಕೇ.

ಒಣಗಿಸುವುದೇ ಮೊದಲ ಕೆಲಸ, ಮತ್ತು ನಾನು ಜಾಸ್ತಿ ಸೋತದ್ದೂ ಅಲ್ಲೇ. ಬಲ್ಬ್ ಪೆಟ್ಟಿಗೆ ಮಾಡಿದೆ. ಅರವತ್ತು ವಾಟ್‌ನ ಬಲ್ಬ್, ಮರದ ಪೆಟ್ಟಿಗೆ, ಮೇಲೆ ತೂತು. ಬಲ್ಬ್ ಉರಿಯುವಷ್ಟು ಹೊತ್ತು ಒಣ, ಕರೆಂಟ್ ಹೋದರೆ ಮತ್ತೆ ಪಸೆ. ಜುಲೈ ತಿಂಗಳಲ್ಲಿ ನಮ್ಮೂರ ಕರೆಂಟಿನ ಕತೆ ನಿಮಗೆ ಗೊತ್ತಲ್ಲ. ಮೇಲಾಗಿ ಬಲ್ಬಿಗೆ ಹತ್ತಿರ ಇದ್ದ ಕ್ಯಾಸೆಟ್‌ಗಳ ಪ್ಲಾಸ್ಟಿಕ್ ಸೊಟ್ಟಗಾಯಿತು. ಅಕ್ಕಿ ಡಬ್ಬ ನೋಡಿದೆ, ತೌಡಿನ ಧೂಳು ಟೇಪಿನ ಅಂಚಿಗೆ ಕೂತಿತು. ಅಡಿಕೆ ಒಣಗಿಸುವ ಅಟ್ಟದಲ್ಲಿಡು ಎಂದು ಊರಿನವರೊಬ್ಬರು ಹೇಳಿದರು. ಶಾಖ ಹದವಾಗಿತ್ತು, ಆದರೆ ಹೊಗೆ! ಆ ಟೇಪಿಗೆ ಈಗಲೂ ಅಡಿಕೆ ಅಟ್ಟದ ವಾಸನೆ. ಟೇಪನ್ನು ಬೇಕ್ ಮಾಡುವ, ಅಂದರೆ ಹದ ಶಾಖದಲ್ಲಿ ಕಾಯಿಸುವ, ವಿಷಯ ಕೇಳಿರುತ್ತೀರಿ. ಅದು ಮುಖ್ಯವಾಗಿ 70–80ರ ದಶಕದ ಕೆಲವು ರೀಲ್ ಟೇಪುಗಳು ಅಂಟಂಟಾಗುವ ರೋಗಕ್ಕೆ. ವಿಎಚ್‌ಎಸ್‌ನ ಬೂಷ್ಟಿಗೆ ಅದರ ಅಗತ್ಯವೇ ಇಲ್ಲ.

ಕೊನೆಗೆ ನಿಂತದ್ದು ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ. ಕಬ್ಬಿಣದ ಪಟ್ಟಿ ಇರುವ ಮುಚ್ಚಳದ್ದು, ಗಾಳಿ ಆಡಬಾರದು. ತಳದಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ನಾಲ್ಕೈದು ಕೆಜಿ, ಮೇಲೆ ಜಾಲರಿ, ಅದರ ಮೇಲೆ ಕವರ್ ತೆಗೆದ ಟೇಪು, ಒಳಗೊಂದು ಅಗ್ಗದ ತೇವಾಂಶ ಮೀಟರ್. ಮಳೆಗಾಲದಲ್ಲಿ ಹೊರಗೆ ತೊಂಬತ್ತು ತೋರಿಸಿದರೆ ಒಳಗೆ ಮೂವತ್ತೈದು, ನಲವತ್ತಕ್ಕೆ ಬರುತ್ತದೆ. ತಿಂಗಳ ಹತ್ತಿರ ಬಿಡಬೇಕು. ಅವಸರ ಮಾಡಿದರೆ ಬೂಷ್ಟು ಹಸಿ ಇರುವಾಗಲೇ ಒರೆಸಿ ಟೇಪಿಗೆಲ್ಲ ಬಳಿದಂತಾಗುತ್ತದೆ. ಒಣಗಿದ ಮೇಲೆ ಅದು ಪುಡಿ, ಬ್ರಶ್ಶಿಗೆ ಹಾರುತ್ತದೆ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಸಾಕು. ಆ ಬಾಣಲೆ ಅಡುಗೆಮನೆಗೆ ವಾಪಸ್ ಹೋಗಿಲ್ಲ. ಹೆಂಡತಿ ಹೊಸದು ತರಿಸಿಕೊಂಡಳು, ಅದನ್ನೂ ಖರ್ಚಿಗೆ ಸೇರಿಸಿಕೊಳ್ಳಿ. ಡ್ರಮ್ಮಿನಲ್ಲಿ ಜೆಲ್ ಜೊತೆ ಇನ್ನೊಂದು ಸಾಮಾನು ಇಡುತ್ತೇನೆ. ಸುತ್ತು ಸುತ್ತಿಗೆ ಅಂಟಿದ ಟೇಪು ಹರಿಯದೆ ಬಿಡಿಸಿಕೊಳ್ಳುವುದು ಅದರಿಂದಲೇ. ಅದು ಏನೆಂದು ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕಾಗ ಕೇಳಿ, ನೋಡೋಣ.

ಸ್ವಚ್ಛ ಮಾಡುವುದಕ್ಕೆ ಒಂದು ಬಲಿ ಕೊಡುವ ವಿಸಿಆರ್ ಬೇಕು. ಹುಬ್ಬಳ್ಳಿಯಲ್ಲಿ ಗುಜರಿ ಬೆಲೆಗೆ ಸಿಕ್ಕಿತು, ಆರೇಳುನೂರು ಇರಬೇಕು. ಟೇಪು ಓದುವ ಉರುಳೆ, ಹೆಡ್ ಡ್ರಮ್, ಕಿತ್ತು ಬಿಸಾಡಿ, ಟೇಪು ಹೋಗುವ ದಾರಿಯಲ್ಲಿ ಎರಡೂ ಕಡೆ ಮೆತ್ತನೆ ಬಟ್ಟೆ ಕೂರಿಸಿದೆ. ಸುತ್ತುತ್ತಾ ಒರೆಸುತ್ತದೆ. ಅಂಗಳದಲ್ಲಿ, ಮಾಸ್ಕ್ ಹಾಕಿಕೊಂಡು ಮಾಡಿ. ಆ ಪುಡಿ ಎದೆಗೆ ಒಳ್ಳೆಯದಲ್ಲ. ಆಮೇಲೆ ರೀಲುಗಳನ್ನು ಬೇರೆ ಸ್ವಚ್ಛ ಕ್ಯಾಸೆಟ್ಟಿನ ಕವಚಕ್ಕೆ ಹಾಕುತ್ತೇನೆ. ಮದುವೆ ಕ್ಯಾಸೆಟ್‌ಗಳು ಇದಕ್ಕೆ ಬೇಕಾದಷ್ಟು ಸಿಗುತ್ತವೆ, ಮದುಮಕ್ಕಳೇ ತಂದು ಕೊಡುತ್ತಾರೆ.

ಓಡಿಸುವ ಮಷಿನ್ ವಿಷಯದಲ್ಲಿ ದುಡ್ಡು ಹೋಯಿತು. ಎಲ್ಲರೂ ಹೊಗಳುವ, ಒಳಗೇ ಟಿಬಿಸಿ (ಅಲುಗುವ ಗೆರೆಗಳನ್ನು ಸರಿಮಾಡುವ ಸರ್ಕ್ಯೂಟ್) ಇರುವ ಎಸ್-ವಿಎಚ್‌ಎಸ್ (ವಿಎಚ್‌ಎಸ್‌ನ ಮೇಲ್ದರ್ಜೆ) ಡೆಕ್ ಹೊರದೇಶದಿಂದ ತರಿಸಿದೆ. ಹಡಗು, ಸುಂಕ ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ದಾಟಿತು. ಬೆಂಗಳೂರಿನಿಂದ ಬಂದ ಟೇಪಿಗೆ ಅದು ಚಿನ್ನ. ಇಲ್ಲಿ ಹಿಡಿದ ಟೇಪು ಹಾಕಿದರೆ ಚಿತ್ರ ಕುಣಿಯುತ್ತದೆ. ಕಾರಣ ಇಷ್ಟೇ. ಸಿಗ್ನಲ್ ಸೊರಗಿದ್ದಾಗ ಸಿಂಕ್ (ಪ್ರತಿ ಗೆರೆ, ಪ್ರತಿ ಚಿತ್ರ ಎಲ್ಲಿ ಶುರು ಎಂದು ಹೇಳುವ ಗುರುತು) ಕೂಡ ಹಿಮದಲ್ಲಿ ಮುಳುಗಿರುತ್ತದೆ. ಇಲ್ಲದ ಸಿಂಕನ್ನು ಹುಡುಕಿ ಆ ಡೆಕ್ ದಾರಿ ತಪ್ಪುತ್ತದೆ. ಸಾದಾ ವಿಸಿಆರ್, ಅದರ ಹಿಂದೆ ಪ್ಯಾನಾಸೋನಿಕ್ ಇಎಸ್-10 ಡಿವಿಡಿ ರೆಕಾರ್ಡರ್, ರೆಕಾರ್ಡ್ ಮಾಡಲು ಅಲ್ಲ, ಬರೀ ಹಾಯಿಸಲು. ಇದು ಗೆದ್ದಿತು. ರೆಕಾರ್ಡರಿಗೆ ಆರೇಳು ಸಾವಿರ ಆಯಿತು. ಇನ್ನೂ ಒಳ್ಳೆಯದು ಅಂದರೆ ಆ ಟೇಪು ರೆಕಾರ್ಡ್ ಮಾಡಿದ ಅದೇ ಮನೆಯ ವಿಸಿಆರ್. ಟೇಪು ತಂದವರಿಗೆ ನಾನು ಮೊದಲು ಕೇಳುವುದೇ "ಮಷಿನ್ ಅಟ್ಟದ ಮೇಲಿದೆಯಾ?" ಎಂದು. ಅದರ ಹೆಡ್ ಸ್ವಲ್ಪ ವಾರೆ ಇದ್ದಿದ್ದರೆ ಟೇಪಿನ ಗೆರೆಗಳೂ ಅಷ್ಟೇ ವಾರೆ. ಬೇರೆ ಯಾವ ಒಳ್ಳೆ ಮಷಿನ್ನೂ ಅದನ್ನು ಅಷ್ಟು ಸರಿಯಾಗಿ ಓದುವುದಿಲ್ಲ. ಬೆಲ್ಟ್ ಬದಲಿಸಿ, ಪವರ್ ಸಪ್ಲೈಯ ಕೆಪ್ಯಾಸಿಟರ್ ಬದಲಿಸಿ ಎಬ್ಬಿಸಿದ ಹಳೆಯ ಮಷಿನ್‌ಗಳು ನನ್ನಲ್ಲಿ ಈಗ ಒಂದು ಕಪಾಟು ತುಂಬ ಇವೆ.

ಸಿಂಕ್ ಬಗ್ಗೆ ಇಷ್ಟು ಕೊರೆಯಲು ಕಾರಣ ತಾಳ. ಎರಡು ಸಾವಿರದ ಯುಎಸ್‌ಬಿ ಡಾಂಗಲ್‌ಗೆ ನೇರ ಕೊಟ್ಟರೆ ಸಿಂಕ್ ಸಿಗದ ಕಡೆ ಫ್ರೇಮ್ ಬಿಟ್ಟುಬಿಡುತ್ತದೆ. ಶಬ್ದ ಮಾತ್ರ ಓಡುತ್ತಲೇ ಇರುತ್ತದೆ. ಗಂಟೆಗೆ ಎರಡು ಮೂರು ಸೆಕೆಂಡ್ ವ್ಯತ್ಯಾಸ. ನಾಟಕ, ವಾರ್ತೆಗೆ ಜನ ಸುಮ್ಮನಿರುತ್ತಾರೆ. ತಬಲಾ ನುಡಿಸುವ ಗೆಳೆಯನಿಗೆ ತೋರಿಸಿದೆ. ಒಂದೇ ನಿಮಿಷಕ್ಕೆ, "ಕೈ ಬಿದ್ದ ಮೇಲೆ ಸಮ ಕೇಳ್ತದಲ್ಲ ಮಾರಾಯ" ಎಂದ. ಸಮ ಅಂದರೆ ತಾಳದ ಮೊದಲ ಪೆಟ್ಟು. ನಿಧಾನದ ವಿಲಂಬಿತದಲ್ಲಿ ಹೇಗೋ ನಡೆದೀತು, ವೇಗದ ದ್ರುತ್ ತೀನ್‌ತಾಳಕ್ಕೆ ಬಂದರೆ ನೋಡಲಾಗುವುದಿಲ್ಲ. ಅದಕ್ಕೇ ಒಂದು ಫ್ರೇಮ್ ಬಿಟ್ಟರೂ ನಾನು ಮತ್ತೆ ಮೊದಲಿನಿಂದ ಹಿಡಿಯುತ್ತೇನೆ. ಚಿತ್ರ ಕೆಡಿಸದೆ ಕುಗ್ಗಿಸುವ ಹಫ್‌ವೈಯುವಿಯಲ್ಲಿ ಹಿಡಿದರೆ ಗಂಟೆಗೆ ಮೂವತ್ತು ಮೂವತ್ತೈದು ಜಿಬಿ. ಡಿಸ್ಕಿಗೆ ಖರ್ಚು ಮಾಡಿ, ಇಲ್ಲಿ ಜಿಪುಣತನ ಬೇಡ. ಇನ್ನೊಂದು. ಡೀಇಂಟರ್‌ಲೇಸ್ ಮಾಡುವಾಗ, ಅಂದರೆ ಒಂದು ಫ್ರೇಮಿನಲ್ಲಿ ಹೆಣೆದ ಎರಡು ಅರ್ಧ ಚಿತ್ರಗಳನ್ನು ಬೇರೆ ಮಾಡುವಾಗ, ಸೆಕೆಂಡಿಗೆ ಐವತ್ತು ಫ್ರೇಮಿಗೆ ಬಿಡಿಸಿ. ಇಪ್ಪತ್ತೈದಕ್ಕೆ ಇಳಿಸಿದರೆ ತಬಲಾದ ಬೆರಳು ಮಸುಕಾಗುತ್ತದೆ. ಸ್ಟುಡಿಯೊ ಕಾರ್ಯಕ್ರಮದಲ್ಲಿ ನೋಡಬೇಕಾದದ್ದೇ ಬೆರಳು, ಅಲ್ವಾ?

ಶ್ರುತಿಯಲ್ಲೂ ಒಂದು ಮೋಜು ಇದೆ. ಸ್ಟುಡಿಯೊದಲ್ಲಿ ಹಾಡಿದ್ದು ಟಿವಿಯಲ್ಲಿ ಹಾಡಿದ ಶ್ರುತಿಗೇ ಬರುತ್ತದೆ. ಸಿನಿಮಾ ಹಾಡು ಹಾಗಲ್ಲ. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ನಮ್ಮ ಟಿವಿ 25. ನಮ್ಮಂತೆ ಪಾಲ್ ಎಂಬ ಟಿವಿ ಪದ್ಧತಿ ಇರುವ ದೇಶಗಳಲ್ಲಿ ಫಿಲ್ಮನ್ನು ಸೀದಾ 25ಕ್ಕೆ ಓಡಿಸಿಬಿಡುವುದು ರೂಢಿ. ನೂರಕ್ಕೆ ನಾಲ್ಕರಷ್ಟು ಬೇಗ, ಶ್ರುತಿ ಅರ್ಧ ಸ್ವರಕ್ಕೆ ಸ್ವಲ್ಪ ಕಡಿಮೆ ಏರುತ್ತದೆ. ಹಾರ್ಮೋನಿಯಂ ಇಟ್ಟುಕೊಂಡು ಚಿತ್ರಹಾರದ ಹಾಡಿಗೆ ಕೂತರೆ ಬಿಳಿಗೂ ಇಲ್ಲ, ಕರಿಗೂ ಇಲ್ಲ. ನಾನು ಇಡುವ ಪ್ರತಿಯಲ್ಲಿ ಅದನ್ನು ಮುಟ್ಟುವುದಿಲ್ಲ, ಪ್ರಸಾರವಾದದ್ದು ಹಾಗೇ ಇರಲಿ. ಕೇಳುವವರಿಗೆ ಕೊಡುವ ಪ್ರತಿಯಲ್ಲಿ 24ಕ್ಕೆ ಇಳಿಸುತ್ತೇನೆ. ಈ ಬಗ್ಗೆ ಜಗಳ ಆಡುವವರು ಇದ್ದಾರೆ, ಆಡಲಿ.

ಆಡಿಯೊ ಕ್ಯಾಸೆಟ್ಟಿನ ಕಡೆಗೂ ಸ್ವಲ್ಪ ಹೋದೆ. ವಿಸಿಆರ್ ಇಲ್ಲದವರು ಟಿವಿ ಎದುರು ಟೇಪ್ ರೆಕಾರ್ಡರ್ ಇಟ್ಟು ಹಾಡು ಹಿಡಿಯುತ್ತಿದ್ದರು. ಕುಕ್ಕರ್ ಸೀಟಿ, ನಾಯಿ, "ಬಾಗಿಲು ಹಾಕೇ" ಎಲ್ಲ ಅದರಲ್ಲೇ. ಕುಮಟಾದ ಒಬ್ಬ ಮೇಷ್ಟ್ರ ಕ್ಯಾಸೆಟ್ಟಿನಲ್ಲಿದ್ದ ಗಂಗೂಬಾಯಿ ಹಾನಗಲ್ ಅವರ ಗಾಯನ ನನ್ನ ವಿಡಿಯೊದಲ್ಲೂ ಇತ್ತು, ಆದರೆ ವಿಡಿಯೊದ ಶಬ್ದ ಪೂರ್ತಿ ಕೊಚ್ಚಿಹೋಗಿತ್ತು. ಜೋಡಿಸೋಣ ಎಂದರೆ ಕ್ಯಾಸೆಟ್ಟಿನ ವೇಗ ಯಾವುದು? ಕರೆಂಟಿನ ಗುಂಯ್ ಶಬ್ದ ಐವತ್ತು ಹರ್ಟ್ಸ್ ಎಂದು ಹಿಡಿದು ಸರಿಮಾಡಲು ಹೊರಟೆ. ಆ ಕಾಲದ ದಕ್ಷಿಣದ ಗ್ರಿಡ್ 48ರ ಹತ್ತಿರಕ್ಕೂ ಇಳಿಯುತ್ತಿತ್ತು. ಅದನ್ನು ನಂಬಿದರೆ ಗಂಗೂಬಾಯಿ ಬೇರೆಯೇ ಶ್ರುತಿಯಲ್ಲಿ ಹಾಡುತ್ತಾರೆ. ಕೊನೆಗೆ ಸಿಕ್ಕಿದ್ದು ಟಿವಿಯದೇ ಸೀಟಿ. ಹಳೆ ಟಿವಿ ಸೆಟ್ಟಿನಿಂದ 15,625 ಹರ್ಟ್ಸ್‌ನ ಸಣ್ಣ ಸೀಟಿ ಬರುತ್ತದೆ, ಗೆರೆ 625, ಫ್ರೇಮ್ 25, ಗುಣಿಸಿ ನೋಡಿ. ಮೇಷ್ಟ್ರ ಡೆಕ್ ಒಳ್ಳೆಯದಿತ್ತು, ಸೀಟಿ ಕ್ಯಾಸೆಟ್ಟಿಗೂ ಬಿದ್ದಿತ್ತು. ಕಂಪ್ಯೂಟರಿನ ಶಬ್ದದ ಗ್ರಾಫಿನಲ್ಲಿ ಆ ಸೀಟಿಯ ಗೆರೆಯನ್ನು ಅದರ ಜಾಗಕ್ಕೆ ಎಳೆದರೆ ವೇಗ ಸರಿ, ಶ್ರುತಿ ಸರಿ, ತುಟಿಗೂ ಕೂತಿತು. ಅಗ್ಗದ ಮೋನೊ ರೆಕಾರ್ಡರಿನಲ್ಲಿ ಆ ಸೀಟಿ ಸಿಗುವುದಿಲ್ಲ, ಹುಡುಕಿ ದಣಿಯಬೇಡಿ.

ಹಿಮ ತೆಗೆಯಲು ಇನ್ನೊಂದು ಹುಚ್ಚು ಪ್ರಯೋಗ. ಒಂದೇ ಚಿತ್ರಹಾರ್ ಶಿರಸಿಯ ಒಂದು ಮನೆಯಲ್ಲಿ, ಕಾರವಾರದ ಇನ್ನೊಂದು ಮನೆಯಲ್ಲಿ ರೆಕಾರ್ಡ್ ಆಗಿತ್ತು. ಎರಡೂ ಕಡೆಯ ಹಿಮ ಬೇರೆ ಬೇರೆ, ಹಾಡು ಒಂದೇ. ಎರಡನ್ನೂ ಗೆರೆಗೆ ಗೆರೆ ಹೊಂದಿಸಿ ಸರಾಸರಿ ತೆಗೆದರೆ ಹಿಮ ಇಳಿಯುತ್ತದೆ. ಇಳಿಯಿತು ಕೂಡ, ಕಣ್ಣಿಗೆ ಕಾಣುವಷ್ಟು. ಆದರೆ ನಾಲ್ಕು ನಿಮಿಷದ ಹಾಡಿಗೆ ಒಂದು ವಾರದ ಮೇಲೆ ಹೋಯಿತು. ಮುಂದಿನ ಹಾಡಿಗೆ ಧೈರ್ಯ ಬರಲಿಲ್ಲ. ಒಂದೇ ಟೇಪನ್ನು ಮೂರು ಸಲ ಹಿಡಿದು ನಡುವಿನದನ್ನು ಆರಿಸುವುದು ಸುಲಭ. ಅದರಿಂದ ಒಂದು ಸಲ ಕಂಡು ಇನ್ನೊಂದು ಸಲ ಕಾಣದ ಬಿಳಿ ಗೀರು ಹೋಗುತ್ತದೆ, ಹಿಮ ಹೋಗುವುದಿಲ್ಲ. ಕಾರವಾರದ ಟೇಪುಗಳಲ್ಲಿ ಬೇಸಿಗೆಯ ರೆಕಾರ್ಡಿಂಗ್ ಆದರೆ ಅಡ್ಡ ಪಟ್ಟಿಗಳು ಬರುತ್ತವೆ. ಸಮುದ್ರದ ಮೇಲೆ ಬಿಸಿ ಗಾಳಿಯ ಪದರ ಕೂತಾಗ ದೂರದ ಸ್ಟೇಷನ್ ಅದೇ ಚಾನೆಲ್ ಮೇಲೆ ಬಂದು ಕೂರುತ್ತದಲ್ಲ, ಅದು. ಅದಕ್ಕೆ ನನ್ನಲ್ಲಿ ಮದ್ದಿಲ್ಲ. ಎಐ ಹಾಕಿಯೂ ನೋಡಿದೆ. ಸರೋದ್ ವಾದಕರಿಗೆ ಆರನೇ ಬೆರಳು ಬಂತು. ಅಳಿಸಿ ಹಾಕಿದೆ.

ಟೇಪಿಗೆ ವರ್ಷ ಬರೆದಿಲ್ಲದಿದ್ದರೆ ನಡುವಿನ ಚೂರುಗಳನ್ನು ನೋಡಿ. "ಮಿಲೇ ಸುರ್" ಮೊದಲು ಬಂದದ್ದು 1988ರ ಆಗಸ್ಟ್ 15ಕ್ಕೆ. ನಮ್ಮ ಗದಗಿನ ಭೀಮಸೇನ ಜೋಶಿಯವರ ದನಿಯಿಂದಲೇ ಶುರು. ಅದು ಟೇಪಿನಲ್ಲಿದ್ದರೆ ಅದಕ್ಕೂ ಹಿಂದಿನದಲ್ಲ ಎಂದು ಗುರುತು ಹಾಕಬಹುದು. ಜನ ಹಾಡು ಮಾತ್ರ ಕತ್ತರಿಸಿ ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತಾರೆ. ನಿರೂಪಕಿ ಮಾತು, "ರುಕಾವಟ್" (ಅಡಚಣೆ) ಫಲಕ, ಜಾಹೀರಾತು ಎಲ್ಲ ಇಟ್ಟುಕೊಳ್ಳಿ, ಕಾಲ ಹೇಳುವುದು ಅವೇ.

ಅಂಕೋಲದ ಹತ್ತಿರದ ಒಂದು ಮನೆಯವರದ್ದು ಹೇಳಲೇಬೇಕು. ಆ ಮನೆಯ ತಮ್ಮ ಗಲ್ಫಿನಿಂದ ವಿಸಿಆರ್ ತಂದಿದ್ದ, ಟಿವಿ ಮಾತ್ರ ಹಳೆಯ ಕಪ್ಪು ಬಿಳುಪಿನದ್ದು. ಟೇಪಿಗೆ ಬಣ್ಣವೇ ಬಿದ್ದಿತ್ತು, ನೋಡಿದ್ದು ಕಪ್ಪು ಬಿಳುಪಿನಲ್ಲಿ. ಸುಗಮ ಸಂಗೀತದ ಸಾಲು ಸಾಲು ಸೀರೆಗಳ ಬಣ್ಣವನ್ನು ಅವರ ಮನೆಯ ಅಕ್ಕ ಮೊದಲು ನೋಡಿದ್ದು ನನ್ನ ಕಂಪ್ಯೂಟರಿನಲ್ಲಿ. "ಇದು ಹಸಿರು ಅಂತ ನಾನಂದುಕೊಂಡಿದ್ದೆ" ಎಂದು ಒಂದು ನೇರಳೆ ಸೀರೆ ತೋರಿಸಿ ಜಗಳಕ್ಕೇ ನಿಂತರು.

ಒಟ್ಟು ಖರ್ಚು, ಆ ದುಬಾರಿ ಡೆಕ್ ಬಿಟ್ಟರೆ, ಮೂವತ್ತು ಸಾವಿರದ ಒಳಗೆ. ಡಿಸ್ಕಿನದ್ದೇ ಅದರಲ್ಲಿ ದೊಡ್ಡ ಪಾಲು. ಡೆಕ್ ಮಾರಲು ಇಟ್ಟಿದ್ದೇನೆ, ಬೆಂಗಳೂರು ಟೇಪು ಜಾಸ್ತಿ ಇರುವವರು ವಿಚಾರಿಸಿ. ಗೆಲುವಿನ ಲೆಕ್ಕ ಹೇಳುವುದಾದರೆ, ಕೈಗೆ ಬಂದ ಟೇಪುಗಳಲ್ಲಿ ಹತ್ತಕ್ಕೆ ಎಂಟು ಓಡಿವೆ. ಫೋಟೊ ನೋಡಿ ಬೇಡ ಎಂದ ಲ್ಯಾಬಿನವರು ಮೊನ್ನೆ ಡ್ರಮ್ ಎಷ್ಟು ಲೀಟರ್ ಎಂದು ಕೇಳಿ ಫೋನ್ ಮಾಡಿದ್ದರು, ಇನ್ನೂರು ಎಂದೆ. ವಿಎಚ್‌ಎಸ್‌ಗೆ ಪೈಪೋಟಿಯಾಗಿದ್ದ ಬೀಟಾ ಕ್ಯಾಸೆಟ್ ಇದ್ದವರು ಒಣಗಿಸಿ ಇಟ್ಟುಕೊಂಡಿರಿ. ಅದರ ಮಷಿನ್ ಒಂದು ಸಿಕ್ಕಿದೆ, ಬೆಲ್ಟ್ ಸಿಕ್ಕಿಲ್ಲ.