ಲಾ ಸ್ಕಾಲಾದಲ್ಲಿ ಹಾಸ್ಯ ಒಪೆರಾ ನೋಡುವುದು ಹೇಗೆ?

ಇಟಲಿ ಪ್ರವಾಸಕ್ಕೆ ಹೋದವರು ಮಿಲಾನ್ ನಗರದ ಲಾ ಸ್ಕಾಲಾ ರಂಗಮಂದಿರದಲ್ಲಿ ಒಂದು ಸಂಜೆ ಒಪೆರಾ, ಅಂದರೆ ಹಾಡಿನಲ್ಲೇ ಕಥೆ ಸಾಗುವ ಸಂಗೀತ ನಾಟಕ, ನೋಡಬೇಕೆಂದು ಆಸೆಪಡುವುದು ಸಹಜ. ಆದರೆ ಅರ್ಧ ವೇದಿಕೆಯಷ್ಟೇ ಕಾಣುವ ಜಾಗದಲ್ಲಿ ಕುಳಿತು, ಸುತ್ತಲಿನವರು ಏಕೆ ನಗುತ್ತಿದ್ದಾರೆಂದು ತಿಳಿಯದೆ, ವಿರಾಮದಲ್ಲೇ ಎದ್ದು ಹೊರಡುವವರನ್ನು ನೋಡಿದಾಗ ಬೇಸರವಾಗುತ್ತದೆ. ಸ್ವಲ್ಪ ಮುಂಚಿತವಾಗಿ ಸಿದ್ಧತೆ ಮಾಡಿಕೊಂಡರೆ ಈ ಎರಡೂ ತೊಂದರೆಗಳು ತಪ್ಪುತ್ತವೆ.

ಮೊದಲನೆಯದು ಕೃತಿಯ ಆಯ್ಕೆ. ಮೊದಲ ಸಲ ಹೋಗುವವರು ಇಟಲಿಯ ಸಂಗೀತ ಸಂಯೋಜಕರಾದ ರೊಸ್ಸಿನಿಯ ‘ಸೆವಿಲ್ಲೆಯ ಕ್ಷೌರಿಕ’ ಅಥವಾ ಡೊನಿಜೆಟ್ಟಿಯ ‘ಡಾನ್ ಪಾಸ್ಕ್ವಾಲೆ’ಯಂಥ ಹಾಸ್ಯ ಒಪೆರಾ ಇರುವ ದಿನವನ್ನೇ ಆರಿಸಿಕೊಳ್ಳಬೇಕು. ವೆರ್ದಿಯ ‘ಫಾಲ್‌ಸ್ಟಾಫ್’ 1893ರಲ್ಲಿ ಮೊದಲು ಪ್ರದರ್ಶನಗೊಂಡದ್ದು ಇದೇ ರಂಗಮಂದಿರದಲ್ಲಿ. ಅದು ಅದ್ಭುತ ಕೃತಿ, ಆದರೆ ಹಾಡು ಎಲ್ಲಿ ಮುಗಿಯಿತೆಂದು ತಿಳಿಯುವ ಮೊದಲೇ ಮುಂದಕ್ಕೆ ಓಡುವ ಅದರ ಸಂಗೀತ ಹೊಸಬರಿಗೆ ದಕ್ಕುವುದು ಕಷ್ಟ.

ಎರಡನೆಯದು ಟಿಕೆಟ್. ರಂಗಮಂದಿರದ ಅಧಿಕೃತ ಜಾಲತಾಣದಲ್ಲಿ ಮಾತ್ರ ಕೊಳ್ಳಿ. ಮರುಮಾರಾಟದ ತಾಣಗಳತ್ತ ಸುಳಿಯಲೇಬೇಡಿ.

ಮೂರನೆಯದು ಆಸನ. ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ಹಳೆಯ ಟಾಕೀಸುಗಳಲ್ಲಿ ಬಾಕ್ಸ್ ಎಂದರೆ ಎಲ್ಲಕ್ಕಿಂತ ಒಳ್ಳೆಯ ಜಾಗವಾಗಿತ್ತು. ಅದೇ ನೆನಪಿನಲ್ಲಿ ಇಲ್ಲಿಯೂ ಬಾಕ್ಸ್ ಕೊಂಡುಬಿಡುತ್ತಾರೆ. ಜುಸೆಪ್ಪೆ ಪಿಯೆರ್ಮಾರಿನಿ ವಿನ್ಯಾಸಗೊಳಿಸಿದ, 1778ರ ಆಗಸ್ಟ್‌ನಲ್ಲಿ ತೆರೆದ ಈ ಸಭಾಂಗಣ ಕುದುರೆ ಲಾಳದ ಆಕಾರದಲ್ಲಿದೆ. ಕೆಳಗಿನ ಆಸನಗಳನ್ನು ಸುತ್ತುವರಿದು ನಾಲ್ಕು ಅಂತಸ್ತು ಬಾಕ್ಸ್‌ಗಳಿವೆ, ಅವುಗಳ ಮೇಲೆ ಎರಡು ಗ್ಯಾಲರಿಗಳಿವೆ. ಆ ಕಾಲದ ಸಿರಿವಂತ ಮನೆತನಗಳು ಬಾಕ್ಸ್‌ಗಳನ್ನು ಸ್ವಂತಕ್ಕೆ ಇಟ್ಟುಕೊಂಡಿದ್ದವು; ಅಲ್ಲಿ ಊಟ, ಇಸ್ಪೀಟು, ಹರಟೆ ಎಲ್ಲವೂ ನಡೆಯುತ್ತಿದ್ದವು, ವೇದಿಕೆಯನ್ನು ನೋಡುವಷ್ಟೇ ಎದುರು ಬಾಕ್ಸಿನವರನ್ನು ನೋಡುವುದೂ ಅವರಿಗೆ ಮುಖ್ಯವಾಗಿತ್ತು. ಲಾಳದ ಎರಡೂ ತೋಳುಗಳಲ್ಲಿರುವ ಬಾಕ್ಸ್‌ಗಳು ಇಂದಿಗೂ ಪರಸ್ಪರ ಮುಖ ಮಾಡಿಕೊಂಡೇ ಇವೆ. ಆ ಇಕ್ಕಟ್ಟಿನ ಕೋಣೆಯಲ್ಲಿ ಮುಂದಿನ ಕುರ್ಚಿಗಳಲ್ಲಿರುವವರಿಗೆ ವೇದಿಕೆ ಕಾಣುತ್ತದೆ. ಹಿಂದೆ ಕುಳಿತವರಿಗೆ ಕಾಣುವುದು ಮುಂದಿನವರ ಹೆಗಲು ಮತ್ತು ಪಕ್ಕದ ಗೋಡೆ, ಆದ್ದರಿಂದ ಅವರು ಎದ್ದು ನಿಂತು ಕತ್ತು ಚಾಚಿಯೇ ಸಂಜೆ ಕಳೆಯಬೇಕಾಗುತ್ತದೆ. ಹಾಸ್ಯ ಒಪೆರಾದಲ್ಲಿ ಈ ನಷ್ಟ ಇನ್ನೂ ದೊಡ್ಡದು, ಏಕೆಂದರೆ ನಗು ಹುಟ್ಟುವುದು ಒಬ್ಬನ ಬೆನ್ನ ಹಿಂದೆ ಕೈಬದಲಾಗುವ ಚೀಟಿಯಲ್ಲಿ, ಮೂಲೆಯಲ್ಲಿ ನಿಂತವನ ಕಣ್ಸನ್ನೆಯಲ್ಲಿ. ನನ್ನ ಸಲಹೆ ಖಚಿತ: ಕೆಳಗಿನ ಆಸನಕ್ಕೆ ಹಣ ಸಾಲದಿದ್ದರೆ ಗ್ಯಾಲರಿಯ ಮಧ್ಯಭಾಗದ ಮೊದಲ ಸಾಲನ್ನು ಹಿಡಿಯಿರಿ. ಬಾಕ್ಸ್ ಬೇಕೇ ಬೇಕೆಂದರೆ ವೇದಿಕೆಗೆ ನೇರ ಎದುರಾಗಿರುವ ಬಾಕ್ಸಿನ ಮುಂದಿನ ಕುರ್ಚಿಯೇ ಆಗಬೇಕು.

ನಾಲ್ಕನೆಯದು ಕಥೆ. ಆಸನದ ಎದುರಿನ ಪುಟ್ಟ ಪರದೆಯಲ್ಲಿ ಇಂಗ್ಲಿಷ್ ಅನುವಾದ ಬರುತ್ತದಲ್ಲ, ಓದಿಕೊಂಡು ಹೋಗುವ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಪರದೆ ಹೇಳುವುದು ಮಾತನ್ನು ಮಾತ್ರ. ‘ಸೆವಿಲ್ಲೆಯ ಕ್ಷೌರಿಕ’ದಲ್ಲಿ ಮುದಿ ವೈದ್ಯ ಬಾರ್ತೊಲೊ ತನ್ನ ಆಶ್ರಯದಲ್ಲಿರುವ ರೊಸೀನಾಳನ್ನು ಮದುವೆಯಾಗುವ ಹವಣಿಕೆಯಲ್ಲಿದ್ದಾನೆ, ಅವಳನ್ನು ಪ್ರೀತಿಸುವ ಕೌಂಟ್ ಅಲ್ಮವೀವ, ಕ್ಷೌರಿಕ ಫಿಗರೊನ ನೆರವಿನಿಂದ, ಒಮ್ಮೆ ಕುಡುಕ ಸೈನಿಕನಾಗಿ, ಇನ್ನೊಮ್ಮೆ ಸಂಗೀತ ಮೇಷ್ಟರಾಗಿ ಆ ಮನೆಯೊಳಗೆ ಸೇರಿಕೊಳ್ಳುತ್ತಾನೆ. ಎರಡನೆಯ ಅಂಕದಲ್ಲಿ ನಿಜವಾದ ಸಂಗೀತ ಮೇಷ್ಟರು ಬಸೀಲಿಯೊ ದಿಢೀರನೆ ಬಂದುಬಿಡುತ್ತಾನೆ. ಕೌಂಟ್ ಗುಟ್ಟಾಗಿ ಅವನ ಕೈಗೆ ಹಣದ ಚೀಲ ತುರುಕುತ್ತಾನೆ, ನಿನಗೆ ಜ್ವರ ಬಂದಿದೆ, ಹೋಗಿ ಮಲಗು ಎಂದು ಎಲ್ಲರೂ ನಂಬಿಸುತ್ತಾರೆ, ಆಮೇಲೆ ಸರದಿಯಂತೆ ‘ಶುಭರಾತ್ರಿ’ ಹಾಡಿ ಅವನನ್ನು ಸಾಗಹಾಕುತ್ತಾರೆ. ಪರದೆಯಲ್ಲಿ ಕಾಣುವುದು ಮತ್ತೆ ಮತ್ತೆ ‘ಶುಭರಾತ್ರಿ’ ಎಂಬುದಷ್ಟೇ. ಯಾರಿಗೆ ಯಾವ ಗುಟ್ಟು ಗೊತ್ತು, ಯಾರಿಗೆ ಗೊತ್ತಿಲ್ಲ ಎಂಬುದು ಮೊದಲೇ ತಿಳಿದಿದ್ದವರಿಗೆ ಮಾತ್ರ ಅಲ್ಲಿ ನಗು ಬರುತ್ತದೆ.

ಕಥೆ ಓದಿದ ಮೇಲೆ ಧ್ವನಿಮುದ್ರಣವನ್ನು ಒಮ್ಮೆಯಾದರೂ ಪೂರ್ತಿ ಕೇಳಿ. ಆಯ್ದ ಹಾಡುಗಳ ಸಂಕಲನಗಳನ್ನು ದಯವಿಟ್ಟು ಕೊಳ್ಳಬೇಡಿ. ಕೀಲಿಮಣೆ ವಾದ್ಯದ ಜೊತೆಗೆ ಮಾತಿನ ಓಟದಲ್ಲೇ ಸಾಗುವ ಸಂಭಾಷಣೆಗಳನ್ನು ಅವು ಕತ್ತರಿಸಿಹಾಕುತ್ತವೆ, ಸಂಚೆಲ್ಲ ನಡೆಯುವುದು ಅಲ್ಲೇ. ಸಮಯ ಇಲ್ಲದವರು ಬಸೀಲಿಯೊ ಹಾಡುವ ‘ಲಾ ಕಲುನ್ಯಾ’ (ಚಾಡಿಮಾತು) ಎಂಬ ಹಾಡೊಂದನ್ನಾದರೂ ಗಮನವಿಟ್ಟು ಕೇಳಬೇಕು: ಚಾಡಿಮಾತು ತಂಗಾಳಿಯಂತೆ ಹುಟ್ಟಿ ಫಿರಂಗಿಯಂತೆ ಸಿಡಿಯುವ ಬಗೆಯನ್ನು ಅವನು ವರ್ಣಿಸುವಾಗ, ಪಿಸುದನಿಯಲ್ಲಿ ಆರಂಭಿಸಿದ ವಾದ್ಯಗಳು ಅದೇ ಸ್ವರಗುಚ್ಛವನ್ನು ಮರುಕಳಿಸುತ್ತ ಏರುತ್ತವೆ. ರೊಸ್ಸಿನಿಯ ಹಾಸ್ಯದ ಕೀಲಿಕೈ ಈ ಏರಿಕೆಯೇ. ಆದರೆ ಈ ಒಪೆರಾದ ಆರಂಭದ ವಾದ್ಯಸಂಗೀತದಲ್ಲಿ ಕಥೆಯನ್ನು ಹುಡುಕಬೇಡಿ. 1813ರಲ್ಲಿ ಇದೇ ಲಾ ಸ್ಕಾಲಾದಲ್ಲಿ ಪ್ರದರ್ಶನಗೊಂಡ ತನ್ನ ಗಂಭೀರ ಒಪೆರಾ ಒಂದರಿಂದ ರೊಸ್ಸಿನಿ ಅದನ್ನು ಎತ್ತಿಕೊಂಡದ್ದು.

ಪ್ರದರ್ಶನದ ದಿನ ಅರ್ಧ ಗಂಟೆ ಮೊದಲೇ ತಲುಪಿ. ಚಡ್ಡಿ, ತೋಳಿಲ್ಲದ ಬನಿಯನ್ನು ನಡೆಯದು, ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಗಾಯಕರು ಮೈಕ್ ಇಲ್ಲದೆಯೇ ಹಾಡುತ್ತಾರೆ, ಆದ್ದರಿಂದ ನಿಮ್ಮ ಚಾಕೊಲೇಟ್ ಕಾಗದದ ಸದ್ದೂ ಅಕ್ಕಪಕ್ಕದ ಸಾಲುಗಳಿಗೆ ಕೇಳಿಸುತ್ತದೆ. ಹಾಡು ಮುಗಿದಾಗ ಚಪ್ಪಾಳೆ ತಟ್ಟಬಹುದು, ಆದರೆ ಕೊನೆಯ ಸ್ವರವನ್ನು ವಾದ್ಯಗಳು ಮುಗಿಸುವವರೆಗೆ ಕಾಯಿರಿ. ಗೊತ್ತಾಗದಿದ್ದರೆ ಗ್ಯಾಲರಿಯವರನ್ನು ಅನುಸರಿಸಿ, ಅಲ್ಲಿನ ಹಳೆಯ ಕೇಳುಗರಿಗೆ ಕೃತಿ ಬಾಯಿಪಾಠವಾಗಿರುತ್ತದೆ. ತೆರೆ ಬಿದ್ದೊಡನೆ, ಬರುವಾಗ ಒಪ್ಪಿಸಿದ ಕೋಟನ್ನು ಮರಳಿ ಪಡೆಯಲು ಓಡಬೇಡಿ. ಗಾಯಕರು ಒಬ್ಬೊಬ್ಬರಾಗಿ ಮುಂದೆ ಬಂದು ನಮಸ್ಕರಿಸುವುದು ಆಮೇಲೆಯೇ.