ಕಾರಿಲ್ಲದೆ ಝಗೋರಿ ಸುತ್ತಿದ್ದು: ನನ್ನ ಅನುಭವ

ಗ್ರೀಸಿನ ವಾಯವ್ಯ ಮೂಲೆಯಲ್ಲಿರುವ ಝಗೋರಿಯ ಬೆಟ್ಟದ ಹಳ್ಳಿಗಳಿಗೆ ಕಾರಿಲ್ಲದೆ ಹೋಗೋಕೆ ಆಗಲ್ಲ ಅಂತ ಕೇಳಿದವರೆಲ್ಲ ಹೇಳಿದ್ದರು. ಆಗುತ್ತದೆ. ನಾನು ಹೋಗಿ ಬಂದಿದ್ದೇನೆ. ವೀಸಾ, ವಿಮಾನದ ಕಥೆ ನಿಮಗೆ ಗೊತ್ತಿರುವುದೇ, ಬಿಡಿ.

ಕಾರು ಬೇಡ ಅಂದಿದ್ದು ದುಡ್ಡಿಗೋಸ್ಕರ. ಬಾಡಿಗೆಗಿಂತ ಜಾಸ್ತಿ ಹೆದರಿಸಿದ್ದು ಡೆಪಾಸಿಟ್. ಕಾರ್ಡಿನಲ್ಲಿ ಸಾವಿರ ಯೂರೋ ಹತ್ತಿರ ಕಟ್ಟಿಹಾಕುತ್ತೇವೆ ಅಂದರು. ಅದರ ಮೇಲೆ ರಸ್ತೆಯ ಬಲಗಡೆ ಓಡಿಸಬೇಕು, ಅದೂ ಹೇರ್‌ಪಿನ್ ತಿರುವುಗಳಲ್ಲಿ.

ಅಥೆನ್ಸ್‌ನಿಂದ ಇಯೋಆನಿನಾಕ್ಕೆ ಬಸ್ಸಿದೆ. ಆರು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯಿತು, ಟಿಕೆಟ್ ನಲವತ್ತು ಯೂರೋ ಆಸುಪಾಸು. ಇಯೋಆನಿನಾಗೆ ಊರವರು ಯಾನೆನಾ ಅನ್ನುತ್ತಾರೆ. ಕೆರೆ ದಂಡೆಯ ಚಂದದ ಊರು. ದೊಡ್ಡ ಬ್ಯಾಗನ್ನು ಅಲ್ಲಿನ ಹೋಟೆಲಲ್ಲೇ ಬಿಟ್ಟು, ಬೆನ್ನಿಗೆ ಸಣ್ಣದೊಂದು ಹಾಕಿಕೊಂಡು ಹೊರಡಬೇಕು. ಮುಂದೆ ನಡಿಗೆ ಜಾಸ್ತಿ, ಇಲ್ಲದಿದ್ದರೆ ಆಗಲ್ಲ.

ಶುರುವಿನಲ್ಲೇ ಪೆಟ್ಟು. ಝಗೋರಿಯ ಮೊನೊಡೆಂಡ್ರಿ ಹಳ್ಳಿಗೆ ಬಸ್ಸು ವಾರದಲ್ಲಿ ಕೆಲವೇ ದಿನ. ಫೋನಿನಲ್ಲಿ ನೋಡಿಟ್ಟುಕೊಂಡ ವೇಳಾಪಟ್ಟಿ ಒಂದು, ನಿಲ್ದಾಣದ ಕೌಂಟರಿನಲ್ಲಿ ಹೇಳಿದ್ದು ಇನ್ನೊಂದು. ಟ್ಯಾಕ್ಸಿಗೆ ಐವತ್ತು ಚಿಲ್ಲರೆ ಯೂರೋ ಹೋಯಿತು. ಇನ್ನೊಂದು ಹಳ್ಳಿ ಪಪಿಂಗೋದಿಂದ ವಾಪಸ್ ಬರಲು ಮತ್ತೆ ಟ್ಯಾಕ್ಸಿ, ಅದು ಇನ್ನೂ ದುಬಾರಿ. ಈ ದುಡ್ಡಲ್ಲಿ ಕಾರೇ ಬರ್ತಿತ್ತಲ್ವಾ ಅಂತ ಗೆಳೆಯರು ನಕ್ಕರು.

ಆಮೇಲೆ ಯಾನೆನಾದಲ್ಲಿ ಕೂತು ನಕ್ಷೆ ಬಿಡಿಸಿದೆ. ಯಾನೆನಾದಿಂದ ಕೋನಿಟ್ಸಾ ಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಬಸ್ಸು ಚೆನ್ನಾಗಿದೆ. ಆ ಹೆದ್ದಾರಿಗೆ ತಾಗಿಕೊಂಡೇ ಕ್ಲಿಡೋನಿಯಾ ಸೇತುವೆ, ಕೆಳಗೆ ವೊಯ್ದೋಮಾಟಿಸ್ ಹೊಳೆ. ಹೊಳೆ ದಂಡೆಯಲ್ಲೇ ಅರಿಸ್ಟಿ ಹಳ್ಳಿಯ ಸೇತುವೆಯಿಂದ ಕ್ಲಿಡೋನಿಯಾವರೆಗೆ ಕಾಲುದಾರಿ! ಅಂದರೆ ಬಸ್ಸು ಊರಿಗೆ ಬರುವವರೆಗೆ ಕಾಯುವುದು ಬೇಡ. ನಾವೇ ಬೆಟ್ಟದಿಂದ ಇಳಿದು ಬಸ್ಸಿನ ದಾರಿಗೆ ಹೋಗುವುದು.

ಮುಂದಿನ ಸಲ ಹೀಗೇ ಮಾಡಿದೆ. ಹಿಂದಿನ ಸಂಜೆ ಕೌಂಟರಿನಲ್ಲಿ ಕೇಳಿ, ದಿನ ಮತ್ತು ಸಮಯ ಚೀಟಿಯಲ್ಲಿ ಬರೆಸಿಕೊಂಡೆ. ಬೆಳಿಗ್ಗೆ ಬಸ್ಸಲ್ಲಿ ಮೊನೊಡೆಂಡ್ರಿ. ಅಲ್ಲಿಂದ ವಿಕೋಸ್ ಕಣಿವೆಗೆ ಇಳಿದೆ. ಮೊದಲ ಮುಕ್ಕಾಲು ಗಂಟೆ ಬರೀ ಇಳಿತ, ಮೊಣಕಾಲು ಬೈಯುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಹೊಳೆಯ ಪಾತ್ರ ಒಣಗಿ ಬರೀ ಬಿಳಿ ಕಲ್ಲು, ಹಾಗಾಗಿ ನೀರು ಹೊತ್ತೇ ಹೋಗಿ. ಕಣಿವೆಯ ಆ ತುದಿಯಲ್ಲಿ ಬಂಡೆ ಬುಡದಿಂದ ವೊಯ್ದೋಮಾಟಿಸ್ ಉಕ್ಕುತ್ತದೆ. ಕಾಲಿಟ್ಟರೆ ಹತ್ತು ಎಣಿಸುವಷ್ಟರಲ್ಲಿ ಮರಗಟ್ಟುತ್ತದೆ. ಅಲ್ಲಿಂದ ಪಪಿಂಗೋಗೆ ಹತ್ತುವುದೇ ನಿಜವಾದ ಕೆಲಸ. ಒಟ್ಟು ಏಳು ಗಂಟೆ ಅಂತಿಟ್ಟುಕೊಳ್ಳಿ. ಕಾರಲ್ಲಿ ಬಂದವರು ಕಾರಿದ್ದಲ್ಲಿಗೇ ವಾಪಸ್ ಬರಬೇಕು. ನನಗೆ ಆ ಗೋಳಿಲ್ಲ! ಇಳಿಯುವ ದಿನ ಅರಿಸ್ಟಿ ಸೇತುವೆ, ಹೊಳೆ ದಂಡೆಯ ನೆರಳು, ಹೆದ್ದಾರಿ, ಬಸ್ಸು. ಬಸ್ಸಿಗೆ ಎಲ್ಲಿ ನಿಂತು ಕೈ ತೋರಿಸಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಉಳಿದುಕೊಂಡ ಮನೆಯ ವಿಳಾಸವೂ ಅಷ್ಟೇ. ಶನಿವಾರ ಭಾನುವಾರ ಬಿಟ್ಟು ಹೋದರೆ ರೂಮು ಐವತ್ತು ಅರವತ್ತು ಯೂರೋಗೆ ಸಿಗುತ್ತದೆ, ಇಷ್ಟು ಹೇಳಬಲ್ಲೆ.

ಊಟ: ಸಸ್ಯಾಹಾರಿಗಳು ಉಪವಾಸ ಬೀಳಲ್ಲ. ‘ನಿಸ್ಟಿಸಿಮೊ’ ಅಂದರೆ ಅವರ ವ್ರತದ ಅಡುಗೆ, ಮಾಂಸ ಹಾಲು ಮೊಟ್ಟೆ ಇರಲ್ಲ. ಆದರೆ ಸಿಗಡಿ, ಸ್ಕ್ವಿಡ್ ಅದರಲ್ಲಿ ನಡೆಯುತ್ತದೆ, ಕೇಳಿಕೊಳ್ಳಿ. ಬಿಳಿ ಬೀನ್ಸ್ ಕಾಳಿನ ಫಸೋಲಾದಾ ಸೂಪಿಗೆ ಸುಮ್ನೆ ಚಟ್ನಿಪುಡಿ ಹಾಕಿ ನೋಡಿದೆ. ಭಾರಿ ಚೆನ್ನಾಗಿತ್ತು. ಝಗೋರಿಯ ಹಿಟ್ಟಿನ ಪೈ ಅಲೆವ್ರೋಪಿಟಾದಲ್ಲಿ ಮೊಟ್ಟೆ ಇರುತ್ತದೆ, ಗಮನವಿರಲಿ.

ಇನ್ನೊಂದು ದಿನ ವ್ರದೆಟೊ ಮೆಟ್ಟಿಲು ಹತ್ತಿದೆ. ಕಪೆಸೊವೊ ಹಳ್ಳಿಯ ಕಡೆಯಿಂದ ಸಾವಿರದ ಮೇಲೆ ಕಲ್ಲು ಮೆಟ್ಟಿಲು. 1970ರ ದಶಕದಲ್ಲಿ ರಸ್ತೆ ಬರುವವರೆಗೆ ವ್ರದೆಟೊ ಹಳ್ಳಿಗೆ ಇದೊಂದೇ ದಾರಿ. ಮೇಲಿನಿಂದ ಇನ್ನೂ ಮುಂದೆ ನಡೆದರೆ ಬೆಲೋಯಿ, ಅಲ್ಲಿ ಇಡೀ ಕಣಿವೆ ಕಾಣುತ್ತದೆ. ದಾರಿಯಲ್ಲಿ ಕುರಿ ಕಾಯುವ ನಾಯಿಗಳಿವೆ, ಜೋರು. ಓಡಬೇಡಿ. ನಿಂತು ಕುರುಬನನ್ನು ಕೂಗಿ.

ಡ್ರಾಕೋಲಿಮ್ನಿ ಕೆರೆ ಬಾಕಿ ಉಳಿದಿದೆ, ಎರಡು ಸಾವಿರ ಮೀಟರಿಗಿಂತ ಮೇಲೆ. ಮಂಜು ಕವಿದು ಅರ್ಧಕ್ಕೇ ಇಳಿದೆ. ಝಗೋರಿ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಜನ ತುಂಬುವ ಮೊದಲು ಜೂನ್‌ನಲ್ಲಿ ಮತ್ತೆ ಹೋಗುತ್ತೇನೆ, ಬಸ್ಸಲ್ಲೇ.