ಬಾಂಬರ್ ಬಿದ್ದ ಮೇಲೆ ಆ ಏಳು ಜನ ಏನಾದರು: ನಾನು ಹುಡುಕುವ ರೀತಿ

ಎರಡನೇ ಮಹಾಯುದ್ಧದ ಕಾಲದಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸುಮಾರು 5,500 ವಿಮಾನಗಳು ಬಿದ್ದವು. ಇಂಗ್ಲೆಂಡಿನಿಂದ ಜರ್ಮನಿಗೆ ಬಾಂಬ್ ಹಾಕಲು ಹೋಗುವ ದಾರಿ ಈ ಪುಟ್ಟ ದೇಶದ ಮೇಲೇ ಹಾದು ಹೋಗುತ್ತಿತ್ತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಎರಡು ಸಲವೂ ಜರ್ಮನ್ನರ ಫೈಟರ್‌ಗಳು ಕತ್ತಲಲ್ಲಿ ಕಾಯುತ್ತಿದ್ದವು.

ನಾನಿರುವುದು ಇದೇ ದೇಶದ ಆಲ್ಮೇರೆಯಲ್ಲಿ. ಈ ಊರು ನಿಂತಿರುವ ಜಾಗ ಆಗ ನೆಲವೇ ಅಲ್ಲ, ನೀರು. ಈ ಊರಿರುವ ದಕ್ಷಿಣ ಫ್ಲೇವೊಲ್ಯಾಂಡ್‌ನ ನೀರು ಬಸಿದು ಮುಗಿದಿದ್ದು 1968ರಲ್ಲಿ. ಹೀಗೆ ನೀರು ತೆಗೆದು ಹೊಲ ಮಾಡಿದ ಕಡೆಗಳಲ್ಲಿ ಕೆಸರಿನೊಳಗಿಂದ ಎಂಜಿನ್, ರೆಕ್ಕೆ, ಕೆಲವೊಮ್ಮೆ ಮನುಷ್ಯರ ಮೂಳೆ ಸಿಕ್ಕವು. ಪಕ್ಕದ ಡ್ರೊಂಟನ್ ಊರಿನ ನಡುವೆ ಹಾಗೆ ಸಿಕ್ಕ ಲ್ಯಾಂಕಾಸ್ಟರ್ ಅನ್ನುವ ಬ್ರಿಟಿಷ್ ಬಾಂಬರ್ ವಿಮಾನದ ಪ್ರೊಪೆಲರ್ ಅನ್ನೇ ಸ್ಮಾರಕವಾಗಿ ನಿಲ್ಲಿಸಿದ್ದಾರೆ. ವಾರವೆಲ್ಲಾ ಸಾಫ್ಟ್‌ವೇರ್ ಕೆಲಸ ಮಾಡಿ, ರಜೆ ಸಿಕ್ಕಾಗೆಲ್ಲಾ ಈ ವಿಮಾನಗಳಲ್ಲಿ ಇದ್ದವರು ಏನಾದರು ಅಂತ ಹುಡುಕುವುದು ನನ್ನ ಅಭ್ಯಾಸ. ಆಸ್ಟ್ರೇಲಿಯಾ, ಕೆನಡಾ, ಇಂಗ್ಲೆಂಡಿನ ಕುಟುಂಬಗಳು ಒಬ್ಬರಿಂದೊಬ್ಬರು ಕೇಳಿ ತಿಳಿದು ನನಗೂ ಬರೆಯುತ್ತಾರೆ. "ನಮ್ಮ ದೊಡ್ಡಪ್ಪ ಹಾಲೆಂಡಿನಲ್ಲಿ ತೀರಿಕೊಂಡರಂತೆ, ಎಲ್ಲಿ, ಹೇಗೆ?" ಅನ್ನುವುದೇ ಹೆಚ್ಚಿನವರ ಪ್ರಶ್ನೆ.

ಈ ಹವ್ಯಾಸಕ್ಕೆ ಬರುವವರಲ್ಲಿ ಜಾಸ್ತಿ ಜನ ವಿಮಾನದಿಂದ ಶುರು ಮಾಡುತ್ತಾರೆ. ಯಾವ ಮಾಡೆಲ್, ಯಾವ ನಂಬರ್, ಯಾರು ಹೊಡೆದುರುಳಿಸಿದರು. ನಾನು ಗೋರಿಯಿಂದ ಶುರು ಮಾಡುತ್ತೇನೆ. ವಿಮಾನ ಒಂದು, ಆದರೆ ಅದರೊಳಗೆ ಏಳು ಜನ. ಪೈಲಟ್, ಫ್ಲೈಟ್ ಎಂಜಿನಿಯರ್, ನ್ಯಾವಿಗೇಟರ್, ಬಾಂಬ್ ಏಮರ್, ವೈರ್‌ಲೆಸ್ ಆಪರೇಟರ್, ಬೆನ್ನ ಮೇಲೊಬ್ಬ ಗನ್ನರ್, ಬಾಲದಲ್ಲೊಬ್ಬ ಗನ್ನರ್. ಒಂದೇ ವಿಮಾನದಿಂದ ಒಬ್ಬ ಪ್ಯಾರಾಶೂಟಿನಲ್ಲಿ ಇಳಿದು ಸೆರೆಯಾಗಿರಬಹುದು, ಒಬ್ಬ ಆಸ್ಪತ್ರೆಯಲ್ಲಿ ಸತ್ತಿರಬಹುದು, ಒಬ್ಬ ಇವತ್ತಿಗೂ ಸಿಕ್ಕಿರದೇ ಇರಬಹುದು. ಏಳೂ ಜನರನ್ನು ಬೇರೆ ಬೇರೆಯಾಗಿಯೇ ಹುಡುಕಬೇಕು.

ಗೋರಿಗಳ ವಿವರ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಹೆಸರು ಹಾಕಿದರೆ ಸ್ಮಶಾನ, ಸಾಲು, ಗೋರಿಯ ನಂಬರ್ ಬರುತ್ತದೆ. ಏಳೂ ಹೆಸರು ಹಾಕಿ, ನಂಬರುಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದುಕೊಳ್ಳಿ. ಆಮೇಲೆ ಸುಮ್ನೆ ಆ ನಂಬರುಗಳನ್ನೇ ನೋಡುತ್ತಾ ಕೂರಿ. ಅರ್ಧ ಕಥೆ ಅಲ್ಲೇ ಇರುತ್ತದೆ.

ಏಳೂ ಜನ ಒಂದೇ ಸಾಲಿನಲ್ಲಿ, ಅಕ್ಕಪಕ್ಕ, ಒಬ್ಬೊಬ್ಬರಿಗೂ ಒಂದೊಂದು ಗೋರಿ ಇದ್ದರೆ, ವಿಮಾನ ನೆಲಕ್ಕೆ ಬಿದ್ದಿದೆ ಮತ್ತು ದೇಹಗಳನ್ನು ಗುರುತಿಸಲು ಆಗಿದೆ. ನಾಲ್ಕು ಹೆಸರಿಗೆ ಸೇರಿ ಒಂದೇ ನಂಬರ್, "ಸಾಮೂಹಿಕ ಗೋರಿ" ಅಂತಿದ್ದರೆ, ಬೆಂಕಿ ಅಥವಾ ಸ್ಫೋಟ. ಯಾರು ಯಾರು ಅಂತ ಬೇರೆ ಮಾಡಲು ಆಗಿಲ್ಲ. ಒಬ್ಬನ ಗೋರಿ ಮಾತ್ರ ಬೇರೆ ಊರಲ್ಲಿ, ತಾರೀಖು ನಾಲ್ಕೈದು ದಿನ ಆಮೇಲೆ ಇದ್ದರೆ, ಅವನು ಗಾಯಗೊಂಡು ಆಸ್ಪತ್ರೆ ಸೇರಿದ್ದ ಅಂತ ಅನುಮಾನ ಪಡಬೇಕು. ಒಬ್ಬ ಮಕ್ಕುಂನಲ್ಲಿ, ಒಬ್ಬ ಹಾರ್ಡರ್‌ವೈಕ್‌ನಲ್ಲಿ, ಇನ್ನೊಬ್ಬ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂತ ಚದುರಿದ್ದರೆ, ವಿಮಾನ ಬಿದ್ದಿದ್ದು ನೀರಿಗೆ. ದೇಹಗಳು ಒಂದೊಂದಾಗಿ, ಬೇರೆ ಬೇರೆ ದಿನ, ಬೇರೆ ಬೇರೆ ದಡಕ್ಕೆ ಬಂದಿವೆ. ಹೆಸರು ಸ್ಮಶಾನದಲ್ಲಿ ಇಲ್ಲದೆ ಇಂಗ್ಲೆಂಡಿನ ರನಿಮೀಡ್ ಸ್ಮಾರಕದ ಕಲ್ಲಿನ ಮೇಲಿದ್ದರೆ, ಅವನು ಸಿಕ್ಕೇ ಇಲ್ಲ. ಅಲ್ಲಿ ಅಂಥ 20,000ಕ್ಕೂ ಹೆಚ್ಚು ಹೆಸರುಗಳಿವೆ.

ಇವೆಲ್ಲಾ ಅನುಮಾನ ಅಷ್ಟೇ, ತೀರ್ಮಾನ ಅಲ್ಲ. ಯುದ್ಧ ಮುಗಿದ ಮೇಲೆ ಊರೂರಿನ ಗೋರಿಗಳನ್ನು ತೆಗೆದು ದೊಡ್ಡ ಸ್ಮಶಾನಗಳಿಗೆ ಸಾಗಿಸಿದ ಕಡೆಯೂ ಇದೆ. ಜರ್ಮನಿಯ ರೈಕ್ಸ್‌ವಾಲ್ಡ್, ರೈನ್‌ಬರ್ಗ್ ಹಾಗೆ ಬೆಳೆದಂಥವು. ಸಾಗಿಸಿದಾಗಿನ ಪಟ್ಟಿಯನ್ನೂ ಅದೇ ವೆಬ್‌ಸೈಟಿನಲ್ಲಿ ಹಾಕಿದ್ದಾರೆ. ಮೊದಲು ಎಲ್ಲಿ ಹೂತಿದ್ದರು, ಯಾವ ಆಧಾರದ ಮೇಲೆ ಗುರುತಿಸಿದರು ಅಂತ ಎಷ್ಟೋ ಸಲ ಅದರಲ್ಲಿ ಬರೆದಿರುತ್ತದೆ. ಅದನ್ನು ಬಿಟ್ಟು ಮುಂದೆ ಹೋಗಲೇಬಾರದು.

1943ರ ಮೇ 16ರ ರಾತ್ರಿ ಹೊರಟ ಡ್ಯಾಂಬಸ್ಟರ್ಸ್ ದಾಳಿಯನ್ನೇ ತೆಗೆದುಕೊಳ್ಳಿ. ಜರ್ಮನಿಯ ಅಣೆಕಟ್ಟು ಒಡೆಯಲು ಹೋದ 19 ಲ್ಯಾಂಕಾಸ್ಟರ್‌ಗಳಲ್ಲಿ 8 ವಾಪಸ್ ಬರಲಿಲ್ಲ. 53 ಜನ ಸತ್ತರು, ಮೂವರು ಸೆರೆಯಾದರು. ಅದರಲ್ಲಿ ಎರಡು ವಿಮಾನ ಡಚ್ ಕಡಲಿಗೆ ಬಿದ್ದವು. ಬೈಯರ್ಸ್ ಅನ್ನುವ ಪೈಲಟ್‌ನ ವಿಮಾನ ಹೋಗುವಾಗಲೇ ಟೆಕ್ಸೆಲ್ ದ್ವೀಪದ ಹತ್ತಿರ ಬಿತ್ತು. ಸ್ಕ್ವಾಡ್ರನ್ ಲೀಡರ್ ಯಂಗ್‌ನ ವಿಮಾನ ಅಣೆಕಟ್ಟಿಗೆ ಬಾಂಬ್ ಹಾಕಿ ವಾಪಸ್ ಬರುವಾಗ, ಕಾಸ್ಟ್ರಿಕುಂ ಕರಾವಳಿ ದಾಟಿದ ತಕ್ಷಣ ಬಿತ್ತು. ಯಂಗ್ ಹಿಂದೆ ಎರಡು ಸಲ ವಿಮಾನವನ್ನು ಕಡಲಿಗಿಳಿಸಿ ರಬ್ಬರ್ ದೋಣಿಯಲ್ಲಿ ಬದುಕಿ ಬಂದಿದ್ದವನು. ಈ ಸಲ ಆಗಲಿಲ್ಲ. ಅವನ ವಿಮಾನದ ಏಳೂ ಜನರ ದೇಹ ದಡಕ್ಕೆ ಬಂತು. ಏಳೂ ಜನ ಬೆರ್ಗೆನ್ ಊರಿನ ಸ್ಮಶಾನದಲ್ಲಿದ್ದಾರೆ. ಬೈಯರ್ಸ್‌ನ ವಿಮಾನದಿಂದ ಸಿಕ್ಕಿದ್ದು ಒಬ್ಬನೇ, ಬಾಲದ ಗನ್ನರ್ ಮೆಕ್‌ಡವೆಲ್. ಅವನು ಹಾರ್ಲಿಂಗನ್‌ನಲ್ಲಿದ್ದಾನೆ. ಉಳಿದ ಆರು ಹೆಸರು ರನಿಮೀಡ್‌ನಲ್ಲಿ. ಒಂದೇ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ), ಒಂದೇ ರಾತ್ರಿ, ಒಂದೇ ದೇಶದ ಕಡಲು. ಗೋರಿಯ ಪಟ್ಟಿ ನೋಡಿದರೆ ಎರಡೂ ಎಷ್ಟು ಬೇರೆ ಅಂತ ಗೊತ್ತಾಗುತ್ತದೆ, ಅಲ್ವಾ?

ಗೋರಿ ಆದಮೇಲೆ ಕಾಗದ. ಪ್ರತಿ ಸ್ಕ್ವಾಡ್ರನ್‌ಗೂ ದಿನಚರಿ ಇತ್ತು. ಮೂಲ ಪ್ರತಿಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ಸ್ಕ್ಯಾನ್ ಮಾಡಿದ್ದನ್ನು ಆನ್‌ಲೈನಿನಲ್ಲಿ ನೋಡಬಹುದು. ಅದರಲ್ಲಿ ಒಂದು ಫಾರಂ ಇದೆ: ವಿಮಾನದ ನಂಬರ್, ಏಳು ಹೆಸರು, ಏರಿದ ಸಮಯ, ಇಳಿದ ಸಮಯ, ಪಕ್ಕದಲ್ಲಿ ನಾಲ್ಕು ಸಾಲು ವರದಿ. ವಾಪಸ್ ಬಂದವರದ್ದು ಗುರಿ ಕಂಡಿತೋ ಇಲ್ಲವೋ, ಮೋಡ ಎಷ್ಟಿತ್ತು ಅಂತೆಲ್ಲಾ ತುಂಬಿರುತ್ತದೆ. ಬಾರದವರ ಸಾಲಿನಲ್ಲಿ ಇಳಿದ ಸಮಯದ ಜಾಗ ಖಾಲಿ. ವರದಿಯ ಜಾಗದಲ್ಲಿ "ಹೊರಟ ಮೇಲೆ ಏನೂ ಸುದ್ದಿ ಇಲ್ಲ" ಅನ್ನುವ ಅರ್ಥದ ಒಂದು ವಾಕ್ಯ. ಟೈಪ್‌ರೈಟರಿನಲ್ಲಿ ಹೊಡೆದ ಆ ಹಾಳೆಗಳನ್ನು ಎಷ್ಟು ನೋಡಿದ್ದರೂ ಆ ಖಾಲಿ ಜಾಗಕ್ಕೆ ಬಂದಾಗ ನನ್ನ ಕಣ್ಣು ನಿಂತುಬಿಡುತ್ತದೆ.

ಇಂಗ್ಲೆಂಡಿನ ಕಾಗದಕ್ಕೆ ಅಷ್ಟೇ ಗೊತ್ತು. ಮುಂದಿನದ್ದು ಡಚ್ ಕಡೆಯಿಂದ ಬರಬೇಕು. ಇಲ್ಲಿ ವಾಯುಯುದ್ಧದ ಅಧ್ಯಯನ ಮಾಡುವ ಒಂದು ಸ್ವಯಂಸೇವಕರ ಗುಂಪು ದೇಶದಲ್ಲಿ ಬಿದ್ದ ವಿಮಾನಗಳ ರಿಜಿಸ್ಟರ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ತಾರೀಖು, ಜಾಗ, ವಿಮಾನ, ಪ್ರತಿಯೊಂದಕ್ಕೂ ಒಂದು ನಂಬರ್. ನನ್ನ ಪಾಲಿಗೆ ಇದಕ್ಕಿಂತ ಉಪಯೋಗದ ವಸ್ತು ಇನ್ನೊಂದಿಲ್ಲ. ಜೊತೆಗೆ ಊರಿನ ಪುರಸಭೆಯ ಹಳೇ ಕಡತ. ಹೆಣ ಯಾವ ದಡದಲ್ಲಿ ಸಿಕ್ಕಿತು, ಜೇಬಲ್ಲಿ ಏನಿತ್ತು, ಎಲ್ಲಿ ಹೂತರು, ಎಲ್ಲವನ್ನೂ ಊರಿನ ಪೊಲೀಸ್ ಅಥವಾ ಗುಮಾಸ್ತ ಬರೆದಿಟ್ಟಿರಬಹುದು.

ತಾರೀಖು, ಸಮಯದ ವಿಚಾರದಲ್ಲಿ ಹುಷಾರಾಗಿರಬೇಕು. ದಾಳಿ ಸಂಜೆ ಹೊರಟು ಬೆಳಗಿನ ಜಾವ ಮುಗಿಯುತ್ತಿತ್ತು. ಹಾಗಾಗಿ ಒಂದು ಕಾಗದದಲ್ಲಿ 29, ಇನ್ನೊಂದರಲ್ಲಿ 30 ಅಂತಿರುತ್ತದೆ. ಎರಡೂ ಸರಿ. ಗಡಿಯಾರದ್ದು ಇನ್ನೂ ಸೂಕ್ಷ್ಮ. 1943ರಲ್ಲಿ ಬಹುಪಾಲು ದಿನ ಬ್ರಿಟಿಷರ ಗಡಿಯಾರವೂ ಜರ್ಮನ್ನರ ಗಡಿಯಾರವೂ ಒಂದೇ ಸಮಯ ತೋರಿಸುತ್ತಿದ್ದವು. ಆದರೆ ಆ ವರ್ಷ ಜರ್ಮನ್ನರು ಮಾರ್ಚ್ 29ಕ್ಕೇ ಗಡಿಯಾರ ಮುಂದಕ್ಕೆ ತಿರುಗಿಸಿದರು, ಬ್ರಿಟಿಷರು ಏಪ್ರಿಲ್ 4ಕ್ಕೆ. ಆ ಒಂದು ವಾರ ಎರಡಕ್ಕೂ ಒಂದು ಗಂಟೆ ವ್ಯತ್ಯಾಸ. ಒಂದೇ ರಾತ್ರಿ ಹತ್ತಾರು ವಿಮಾನ ಬಿದ್ದಾಗ ಈ ಒಂದು ಗಂಟೆ ಗಮನಿಸದಿದ್ದರೆ ಯಾರದ್ದೋ ಸಾವು ಇನ್ಯಾರದ್ದೋ ಲೆಕ್ಕಕ್ಕೆ ಹೋಗುತ್ತದೆ.

ಸರಿಯಾಗಿ ಆ ವಾರದ್ದೇ ಒಂದು ವಿಮಾನ ನಮ್ಮೂರ ಪಕ್ಕದ ಮಾರ್ಕರ್‌ಮೇರ್ ಕೆರೆಯ ತಳದಲ್ಲಿತ್ತು. ಸ್ಟರ್ಲಿಂಗ್ ಬಾಂಬರ್, ನಂಬರ್ ಬಿಕೆ716. 1943ರ ಮಾರ್ಚ್ 29ರ ರಾತ್ರಿ ಇಂಗ್ಲೆಂಡಿನ ಡೌನ್‌ಹ್ಯಾಮ್ ಮಾರ್ಕೆಟ್‌ನಿಂದ ಬರ್ಲಿನ್ನಿಗೆ ಹೊರಟಿದ್ದು, ವಾಪಸ್ ಬರುವಾಗ ಬಿತ್ತು. ಏಳೂ ಜನ ಕಾಣೆ. 2008ರಲ್ಲಿ ಒಂದು ರಕ್ಷಣಾ ದೋಣಿಯ ಲಂಗರಿಗೆ ಸಿಕ್ಕಿಕೊಂಡು ಲೋಹದ ತುಂಡೊಂದು ಮೇಲೆ ಬಂತು. ಮೊದಲು ಇದು ಬೇರೆ ಒಂದು ಸ್ಟರ್ಲಿಂಗ್ ಅಂತ ನಂಬಿದ್ದರು. ನಂಬಿಕೆ ಬದಲಾಗಿದ್ದು ತಳದಿಂದ ಸಿಕ್ಕ ಒಂದು ಸಿಗರೇಟ್ ಡಬ್ಬಿಯಿಂದ. ಅದರ ಮೇಲೆ ಜೆ.ಎಂ.ಸಿ. ಅಂತ ಮೂರು ಅಕ್ಷರ ಕೆತ್ತಿತ್ತು. ಎರಡು ವಿಮಾನಗಳ ಹೆಸರಿನ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದರೆ ಆ ಮೂರಕ್ಷರಕ್ಕೆ ಹೊಂದುವ ಮನುಷ್ಯ ಇದ್ದದ್ದು ಬಿಕೆ716ರಲ್ಲಿ. 2020ರಲ್ಲಿ ವಿಮಾನವನ್ನು ಎತ್ತಿ, ಕೆಸರನ್ನೆಲ್ಲಾ ಜರಡಿ ಹಿಡಿದರು. ಮನುಷ್ಯರ ಅವಶೇಷವೂ ಸಿಕ್ಕಿತು. ವಿಮಾನದಿಂದಲ್ಲ, ಮನುಷ್ಯರಿಂದ ಶುರು ಮಾಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೇ ಕಾರಣ.

ಇಲ್ಲಿ ಸರ್ಕಾರವೇ ಹೀಗೆ ವಿಮಾನ ಎತ್ತುವ ಯೋಜನೆ ಮಾಡಿದೆ. ಕಾಣೆಯಾದವರು ಒಳಗಿರುವ ಸಾಧ್ಯತೆ ಹೆಚ್ಚಿರುವ 30ರಿಂದ 50 ವಿಮಾನಗಳು ಅದರ ಗುರಿ. 2023ರಲ್ಲಿ ಐಸೆಲ್‌ಮೇರ್ ಕೆರೆಯಿಂದ ಇಡಿ603 ಅನ್ನುವ ಲ್ಯಾಂಕಾಸ್ಟರ್ ತೆಗೆದರು. 1943ರ ಜೂನ್‌ನಲ್ಲಿ ಜರ್ಮನಿಯ ಬೋಕುಂ ಮೇಲಿನ ದಾಳಿಯಿಂದ ಬಾರದೆ ಹೋದದ್ದು. ನಾಲ್ವರ ದೇಹ ಆಗಲೇ ದಡಕ್ಕೆ ಬಂದಿತ್ತು, ಮೂವರಿಗಾಗಿ 80 ವರ್ಷ ಕಾಯಬೇಕಾಯಿತು. ಈ ಕೆಲಸ ಸೇನೆಯ ಪರಿಣತರದ್ದು. ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಅಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ಗೋರಿ. ಸಿಡಿಯದ ಬಾಂಬೂ ಇರಬಹುದು.

ಕಾಗದಗಳಲ್ಲಿ ನನಗೆ ತುಂಬಾ ಹತ್ತಿರವಾದದ್ದು ಆಸ್ಟ್ರೇಲಿಯಾದವು. ಅವರ ವಾಯುಪಡೆಯಲ್ಲಿ ಸತ್ತವರ, ಕಾಣೆಯಾದವರ ಒಬ್ಬೊಬ್ಬರ ಫೈಲು ಅವರ ನ್ಯಾಷನಲ್ ಆರ್ಕೈವ್ಸ್‌ನಲ್ಲಿದೆ. ಎ705 ಅನ್ನುವ ಸರಣಿ, ಬಹಳಷ್ಟು ಆನ್‌ಲೈನಿನಲ್ಲೇ ಓದಬಹುದು. ಅದಕ್ಕೇ ಏಳು ಜನರಲ್ಲಿ ಒಬ್ಬ ಆಸ್ಟ್ರೇಲಿಯನ್ ಇದ್ದರೆ ನಾನು ಮೊದಲು ಅವನ ಫೈಲು ತೆಗೆಯುತ್ತೇನೆ. ಉಳಿದ ಆರು ಜನರ ಸುದ್ದಿಯೂ ಅದರಲ್ಲಿ ಸಿಗುತ್ತದೆ. ಟೆಲಿಗ್ರಾಂ, ರೆಡ್ ಕ್ರಾಸ್ ಮೂಲಕ ಬಂದ ಜರ್ಮನ್ನರ ಸುದ್ದಿ, ಸೆರೆಯಿಂದ ವಾಪಸ್ ಬಂದವನ ಹೇಳಿಕೆ. ಯುದ್ಧದ ನಂತರ ಬ್ರಿಟಿಷ್ ವಾಯುಪಡೆ ಸುಮಾರು 42,000 ಕಾಣೆಯಾದವರನ್ನು ಹುಡುಕಲು ಒಂದು ವಿಭಾಗ ಮಾಡಿತ್ತು. ಅದರ ಅಧಿಕಾರಿಗಳು ಹಳ್ಳಿ ಹಳ್ಳಿ ತಿರುಗಿ, ಗೋರಿ ತೆರೆದು, ಅಂಗಿಯ ಕಾಲರಿನ ದೋಬಿ ಗುರುತು, ಬೂಟಿನೊಳಗಿನ ನಂಬರ್, ತೋಳಿನ ಪಟ್ಟಿ ನೋಡಿ ಗುರುತಿಸುತ್ತಿದ್ದರು. ಕೊರಳಿನ ಬಿಲ್ಲೆ ಫೈಬರಿನದ್ದು, ಬೆಂಕಿಯಲ್ಲಿ ಉಳಿಯುತ್ತಿರಲಿಲ್ಲ. ಆ ವರದಿಯೂ ಇದೇ ಫೈಲಿನಲ್ಲಿರುತ್ತದೆ.

ಇನ್ನೊಂದು ಹಾಳೆ ಇರುತ್ತದೆ: ಸತ್ತವನ ಸಾಮಾನಿನ ಪಟ್ಟಿ. ಕಾಲುಚೀಲ ಇಷ್ಟು ಜೊತೆ, ಕರವಸ್ತ್ರ ಇಷ್ಟು, ಶೇವಿಂಗ್ ಬ್ರಷ್, ಫೋಟೋ ಆಲ್ಬಂ, ಪತ್ರದ ಕಟ್ಟು. ಅದರ ಹಿಂದೆ ತಾಯಿಯ ಪತ್ರಗಳು. ಮೊದಲು ಮಗ ಸಿಕ್ಕನೇ ಅಂತ, ಆಮೇಲೆ ಅವನ ವಾಚ್ ಸಿಕ್ಕಿತೇ ಅಂತ, ಕೊನೆಗೆ ಗೋರಿಯ ಫೋಟೋ ಕಳಿಸುವಿರಾ ಅಂತ. ಇಂಥ ಒಂದು ಫೈಲಿನ ಬಗ್ಗೆ ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅವಳು ಎಲ್ಲಾ ಕೇಳಿಸಿಕೊಂಡು, "ಸಿಗದೇ ಹೋದವರ ಕರ್ಮ ಯಾರು ಮಾಡಿದ್ರಪ್ಪಾ? ನಮ್ಮಲ್ಲಾದ್ರೆ ದರ್ಭೆಯಲ್ಲಿ ಮಾಡಿಯಾದ್ರೂ ಸುಡ್ತಾರೆ" ಅಂದಳು. ಆ ತಾಯಂದಿರು ಮಗ ಎಲ್ಲಿದ್ದಾನೆ ಅಂತ ಅಷ್ಟೊಂದು ವರ್ಷ ಯಾಕೆ ಕೇಳುತ್ತಲೇ ಇದ್ದರು ಅನ್ನುವುದು ಅಮ್ಮನಿಗೆ ನನಗಿಂತ ಬೇಗ ಅರ್ಥವಾಗಿತ್ತು.

ಬದುಕಿದವರ ದಾರಿ ಬೇರೆ. ಲ್ಯಾಂಕಾಸ್ಟರ್‌ನಿಂದ ಹಾರಲು ಇದ್ದ ಮುಖ್ಯ ಕಿಂಡಿ ಮೂತಿಯ ತಳದಲ್ಲಿತ್ತು. ಅಗಲ 22 ಇಂಚು. ದಪ್ಪ ಬಟ್ಟೆ, ಎದೆಗೆ ಪ್ಯಾರಾಶೂಟ್ ಕಟ್ಟಿಕೊಂಡವನು, ಉರಿಯುತ್ತಾ ತಿರುಗುತ್ತಿರುವ ವಿಮಾನದಲ್ಲಿ ಅದರೊಳಗೆ ತೂರಬೇಕು. ಬಾಲದ ಗನ್ನರ್‌ಗೆ ಇನ್ನೂ ಕಷ್ಟ, ಅವನ ಪ್ಯಾರಾಶೂಟ್ ಹೆಚ್ಚಾಗಿ ಗನ್ ಗೂಡಿನ ಹೊರಗೆ ನೇತಾಡುತ್ತಿತ್ತು. ಇಳಿದವರನ್ನು ಹಿಡಿದರೆ ಫ್ರಾಂಕ್‌ಫರ್ಟ್ ಹತ್ತಿರದ ಓಬರ್‌ಉರ್ಜೆಲ್‌ನಲ್ಲಿ ವಿಚಾರಣೆ, ಅಲ್ಲಿಂದ ಸೆರೆ ಶಿಬಿರ. ಹಿಡಿಯದಿದ್ದರೆ ಯಾರೋ ರೈತ ಜೀವದ ಹಂಗು ಬಿಟ್ಟು ಅಡಗಿಸಿಟ್ಟಿರುತ್ತಾನೆ. ಇವರ ಹೇಳಿಕೆಗಳು ಕ್ಯೂನಲ್ಲಿವೆ. ಕೊನೆಯ ಗಳಿಗೆಯಲ್ಲಿ ವಿಮಾನದ ಒಳಗೆ ಏನಾಯಿತು ಅಂತ ಹೇಳಬಲ್ಲವರು ಇವರು ಮಾತ್ರ.

ಎಲ್ಲಾ ಸೇರಿದ ಮೇಲೆ ಕುಟುಂಬಕ್ಕೆ ಬರೆಯಬೇಕು. ಇದೇ ನನಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸ. ಕಾಗದದಲ್ಲಿ ಇದ್ದದ್ದು ಒಂದು ಕಡೆ, ನನ್ನ ಊಹೆ ಇನ್ನೊಂದು ಕಡೆ, ಎರಡೂ ಬೆರೆಯದ ಹಾಗೆ ಬರೆಯುತ್ತೇನೆ. "ನೋವಿಲ್ಲದೆ ತಕ್ಷಣ ತೀರಿಕೊಂಡರು" ಅಂತ ಸಮಾಧಾನಕ್ಕೂ ಬರೆಯುವುದಿಲ್ಲ, ಅದು ನನಗೆ ಗೊತ್ತಿರುವ ವಿಷಯವಲ್ಲ. ಗೋರಿ ತೆರೆದಾಗಿನ ವರದಿಯನ್ನು ಮೊದಲ ಪತ್ರದ ಜೊತೆ ಕಳಿಸುವುದಿಲ್ಲ. ಅದರಲ್ಲಿ ದೇಹದ ಸ್ಥಿತಿಯ ವಿವರ ಇರುತ್ತದೆ. "ಅಂಥದ್ದೊಂದು ಇದೆ, ಬೇಕಾದರೆ ಹೇಳಿ, ಕಳಿಸುತ್ತೇನೆ" ಅಂತ ಬರೆದು ಅವರಿಗೇ ಬಿಡುತ್ತೇನೆ. ಕೆಲವರು ಅವತ್ತೇ ಕೇಳುತ್ತಾರೆ. ಕೆಲವರು ಗೋರಿಯ ಫೋಟೋ ಸಾಕು ಅನ್ನುತ್ತಾರೆ. ಫೋಟೋ ಕೇಳಿದವರಿಗೆ ಅವರವನ ಕಲ್ಲಿನದ್ದು ಮಾತ್ರವಲ್ಲ, ಪಕ್ಕದಲ್ಲಿರುವ ಜೊತೆಗಾರರ ಕಲ್ಲುಗಳದ್ದೂ ತೆಗೆದು, ಹೆಸರಿನ ಮುಂದೆ ವಿಮಾನದಲ್ಲಿ ಅವರು ಕೂರುತ್ತಿದ್ದ ಜಾಗ ಬರೆದು ಕಳಿಸುತ್ತೇನೆ.